ಹರಿಗೋಲಿನಲ್ಲಿ ನಾಯಿಗೂ ಒಂದು ಎಡೆ

ದೊಡ್ಡೇರಿ ಎಂಬ ಹೆಸರಿನಲ್ಲಿಯೇ ಏರಿ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಬದುಕು ಕೆರೆಯ ಏರಿಯನ್ನು ನಂಬಿ ನಡೆದದ್ದೇ ಹೊರತು ಹೊಳೆಯ ದಡವನ್ನು ನಂಬಿ ಅಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಿನಾಕಿನಿಯು ಪಾವಗಡದ ನಾಗಲಮಡಿಕೆಯನ್ನು ಮುಟ್ಟಿ ಮತ್ತೆ ಆಂಧ್ರಪ್ರದೇಶದ ಕಡೆಗೆ ತಿರುಗುತ್ತದೆ. ವರ್ಷದ ಬಹುಪಾಲು ಈ ಎರಡು ನದಿಗಳಲ್ಲೂ ಕಾಣುವುದು ನೀರಲ್ಲ, ಮರಳು. ಆದಕಾರಣ ದೋಣಿ, ಹುಟ್ಟು, ಅಂಬಿಗ ಎಂಬ ಮಾತುಗಳನ್ನು ನಮ್ಮ ಮಕ್ಕಳು ಮೊದಲು ಕೇಳುವುದು ಶರಣರ ಕಥೆಗಳಲ್ಲಿ. ಕಣ್ಣಾರೆ ಕಾಣುವುದು ಕೂಡಲಸಂಗಮಕ್ಕೋ ಹಂಪೆಗೋ ಯಾತ್ರೆ ಹೊರಟಾಗ.

ನಾಯಿಯಾದರೋ ನಮ್ಮ ಸೀಮೆಗೆ ಹೊಸತಲ್ಲ. ಕಡಲೆಕಾಯಿ ಹೊಲದ ಕಾವಲಿಗೆ, ಕುರಿಹಟ್ಟಿಯ ರಕ್ಷಣೆಗೆ, ತೋಟದ ಮನೆಯ ಅಂಗಳಕ್ಕೆ ನಾಯಿ ಬೇಕೇ ಬೇಕು. ಹಿಂದೆ ಮನೆಯವರೆಲ್ಲ ಊರಿಗೆ ಹೊರಟರೆ ನೆರೆಮನೆಯವರು ಅದಕ್ಕೊಂದು ಮುದ್ದೆ ಹಾಕುತ್ತಿದ್ದರು. ಇಂದು ಸಂಸಾರಗಳು ಚಿಕ್ಕವಾಗಿವೆ, ನೆರೆಮನೆಗಳಿಗೆ ಬೀಗ ಬಿದ್ದಿದೆ. ಸ್ವಂತ ವಾಹನದಲ್ಲಿ ಹೊರಟ ಕುಟುಂಬ ನಾಯಿಯನ್ನೂ ಜೊತೆಗೆ ಕರೆದೊಯ್ಯುತ್ತದೆ. ಹೊಳೆಯ ದಡಕ್ಕೆ ಬಂದಾಗ ಪ್ರಶ್ನೆ ಏಳುತ್ತದೆ: ದೋಣಿಯಲ್ಲಿ ಈ ಮೂಕಪ್ರಾಣಿಗೂ ಸ್ಥಳವುಂಟೇ? ವಿಹಾರದ ಹೊತ್ತಿನಲ್ಲಿ ಇದು ಸಣ್ಣ ಪ್ರಶ್ನೆ. ಪ್ರವಾಹದ ಹೊತ್ತಿನಲ್ಲಿ ಇದೇ ಪ್ರಶ್ನೆ ಜೀವಗಳನ್ನು ಉಳಿಸುವುದೂ ಉಂಟು, ಕಳೆಯುವುದೂ ಉಂಟು. ಆದ್ದರಿಂದ ಅದನ್ನು ಸಾವಧಾನವಾಗಿ ವಿಚಾರ ಮಾಡುವುದು ಉಚಿತವೆಂದು ನಮಗೆ ತೋರಿದೆ.

ಬುಟ್ಟಿಯಂಥ ದೋಣಿ

ಕನ್ನಡ ನಾಡಿನ ಒಳನಾಡು ನದಿಗಳ ನಿಜವಾದ ವಾಹನ ಹರಿಗೋಲು. ಬಿದಿರಿನ ಸೀಳುಗಳಿಂದ ದುಂಡಗೆ ಹೆಣೆದ ದೊಡ್ಡ ಬುಟ್ಟಿಯದು. ಹಿಂದೆ ಅದರ ಹೊರಮೈಗೆ ತೊಗಲು ಹೊದಿಸುತ್ತಿದ್ದರು; ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಕೆಲವೆಡೆ ಫೈಬರಿನ ಹರಿಗೋಲುಗಳೂ ಬಂದಿವೆ. ಕೆಲವು ಕಡೆ ಇದನ್ನು ತೆಪ್ಪವೆಂದೂ ಪುಟ್ಟಿಯೆಂದೂ ಕರೆಯುವುದುಂಟು. ಇದಕ್ಕೆ ಮುಂದಿಲ್ಲ, ಹಿಂದಿಲ್ಲ. ಒಂದೇ ಹುಟ್ಟಿನಿಂದ ನಡೆಯುವ ಇದು ಸುತ್ತುತ್ತ ಸುತ್ತುತ್ತ ದಡ ಸೇರುತ್ತದೆ.

ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಈ ಹರಿಗೋಲುಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಮಂದಿ ಹಿಡಿಯುವ ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆಂದೂ, ಅವಶ್ಯಬಿದ್ದರೆ ಕುದುರೆ ಎತ್ತುಗಳನ್ನೂ ಅವುಗಳಲ್ಲಿ ದಾಟಿಸುತ್ತಾರೆಂದೂ, ಸಾಮಾನ್ಯವಾಗಿ ಆ ಪ್ರಾಣಿಗಳು ಈಜಿಯೇ ದಾಟುತ್ತವೆಂದೂ ಅವನ ಹೇಳಿಕೆ. ಎಂದರೆ ಐನೂರು ವರ್ಷಗಳ ಹಿಂದೆಯೇ ತುಂಗಭದ್ರೆಯ ಅಂಬಿಗರಿಗೆ ಪ್ರಾಣಿಯೆಂದರೆ ಬಾರದ ಪ್ರಯಾಣಿಕನಾಗಿರಲಿಲ್ಲ.

ಶರಾವತಿಯ ಹಿನ್ನೀರಿನ ಕಥೆ ಇನ್ನೂ ಸಮೀಪದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಸಾಗರ ತಾಲ್ಲೂಕಿನ ಹಲವು ಹಳ್ಳಿಗಳು ನೀರಿನ ಆಚೆ ಉಳಿದವು. ಹೊಳೆಬಾಗಿಲಿನಿಂದ ಸಿಗಂದೂರಿನ ಕಡೆಗೆ ದಾಟಲು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಬಸ್ಸು, ಜೀಪುಗಳೂ ಅದರ ಮೇಲೆಯೇ ದಾಟಬೇಕಾಗಿತ್ತು. 2025ರ ಜುಲೈನಲ್ಲಿ ಅಲ್ಲಿಯ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆ ಜನರ ಬಹುಕಾಲದ ಕಷ್ಟ ನೀಗಿತು. ಸೇತುವೆ ಬಂದ ಕಡೆಯಲ್ಲೆಲ್ಲ ದೋಣಿ ಹಿಂದೆ ಸರಿಯುತ್ತದೆ. ಅದರೊಡನೆ ದೋಣಿಯ ಶಿಸ್ತೂ ಜನರಿಗೆ ಮರೆತುಹೋಗುತ್ತದೆ.

ಹೊರನಾಡಿನ ಎರಡು ಉದಾಹರಣೆಗಳು

ನದಿಯಾನದಲ್ಲಿ ನಾಯಿಯನ್ನು ಸಂಗಾತಿಯಾಗಿ ಕೊಂಡೊಯ್ದ ಪ್ರಸಂಗಗಳು ಲೋಕದಲ್ಲಿ ಬೇಕಾದಷ್ಟಿವೆ. ಇಂಗ್ಲೆಂಡಿನ ಜೆರೋಮ್ ಕೆ. ಜೆರೋಮ್ ಎಂಬ ಲೇಖಕ 1889ರಲ್ಲಿ ಪ್ರಕಟಿಸಿದ ವಿನೋದಗ್ರಂಥದಲ್ಲಿ ಮೂವರು ಗೆಳೆಯರು ಒಂದು ನಾಯಿಯೊಡನೆ ಥೇಮ್ಸ್ ನದಿಯಲ್ಲಿ ದೋಣಿ ನಡೆಸುತ್ತಾರೆ. ಗೆಳೆಯರು ನಿಜವಾದ ಮನುಷ್ಯರನ್ನು ಹೋಲುವವರು. ನಾಯಿ ಮಾತ್ರ ಲೇಖಕನ ಕಲ್ಪನೆ. ಆದರೂ ಓದುಗರ ನೆನಪಿನಲ್ಲಿ ಬಲವಾಗಿ ನಿಂತದ್ದು ಆ ನಾಯಿಯೇ.

ಎರಡನೆಯದು ಕಲ್ಪನೆಯಲ್ಲ, ಚರಿತ್ರೆ. ಅಮೆರಿಕದ ಮೆರಿವೆದರ್ ಲೂಯಿಸ್ 1803ರಲ್ಲಿ ಓಹಿಯೊ ನದಿಯಲ್ಲಿ ದೋಣಿಯಾನ ಆರಂಭಿಸಿದಾಗ 20 ಡಾಲರ್ ಕೊಟ್ಟು ಕೊಂಡಿದ್ದ ಸೀಮನ್ ಎಂಬ ದೊಡ್ಡ ನಾಯಿಯೂ ಜೊತೆಗಿತ್ತು. ಮುಂದೆ ಮಿಸೌರಿ ನದಿಯ ಮೂಲದತ್ತ ನಡೆದ ಸುದೀರ್ಘ ಯಾನದಲ್ಲಿಯೂ ಅದು ಹಿಂಬಾಲಿಸಿತು. 1805ರ ಮೇ ತಿಂಗಳ ಕೊನೆಯ ಒಂದು ರಾತ್ರಿ ಕಾಡುಕೋಣವೊಂದು ನದಿಯನ್ನು ಈಜಿ ಬಂದು, ದಡದಲ್ಲಿ ಕಟ್ಟಿದ್ದ ದೋಣಿಯನ್ನು ತುಳಿದುಕೊಂಡು ಮಲಗಿದ್ದವರ ನಡುವೆ ನುಗ್ಗಿತು. ಕೆಲವೇ ಅಂಗುಲಗಳ ಅಂತರದಲ್ಲಿ ಮನುಷ್ಯರ ತಲೆಗಳಿದ್ದವು. ನಾಯಿ ಬೊಗಳಿ ಎದುರಾದದ್ದರಿಂದ ಕೋಣ ಬೇರೆ ದಿಕ್ಕಿಗೆ ತಿರುಗಿ ಓಡಿತೆಂದು ಲೂಯಿಸ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಯಾರಿಗೂ ಪೆಟ್ಟಾಗಲಿಲ್ಲ. ದೋಣಿಯಲ್ಲಿ ನಾಯಿಗೆ ಕೊಟ್ಟ ಎಡೆಯ ಬಾಡಿಗೆಯನ್ನು ಅದು ಒಂದೇ ರಾತ್ರಿಯಲ್ಲಿ ತೀರಿಸಿತೆನ್ನಬಹುದು.

ದೋಣಿ ಏರುವ ಮುನ್ನ

ನಾಯಿಯೊಡನೆ ನದಿಗಿಳಿಯಲು ಇಚ್ಛಿಸುವ ಕುಟುಂಬಗಳು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. ಮೊದಲನೆಯದಾಗಿ ಅಂಬಿಗನ ಅನುಮತಿ. ದೋಣಿಯಲ್ಲಿ ಅವನ ಮಾತೇ ಕೊನೆಯದು. ಜೊತೆಯ ಪ್ರಯಾಣಿಕರಲ್ಲಿ ನಾಯಿಗೆ ಅಂಜುವವರಿದ್ದರೆ ಅವರನ್ನು ಮೊದಲು ದಾಟಿಸಿ, ತಾವು ಮುಂದಿನ ಸರದಿಗೆ ಕಾಯುವುದು ಸಭ್ಯತೆ. ಅಣೆಕಟ್ಟಿನಿಂದ ನೀರು ಬಿಟ್ಟಿರುವ ದಿನ, ಗಾಳಿ ಮಳೆಯ ದಿನ ಹರಿಗೋಲು ಏರುವುದೇ ತಪ್ಪು. ನಾಯಿಯಿದ್ದರಂತೂ ಸರ್ವಥಾ ಕೂಡದು.

ಎರಡನೆಯದು ಪರಿಚಯ. ದಡದ ಮೇಲೆ ನಿಂತ ಹರಿಗೋಲನ್ನು ನಾಯಿ ಮೂಸಿ ನೋಡಲಿ, ಒಳಗೆ ಹತ್ತಿ ಇಳಿಯಲಿ. ಅದರ ಉಗುರು ಹೊದಿಕೆಯನ್ನು ಹರಿಯದಂತೆ ತಳಕ್ಕೆ ಗೋಣಿತಾಟು ಹಾಸಬೇಕು. ಕಾಲು ಜಾರದಿದ್ದರೆ ಅರ್ಧ ಗಾಬರಿ ಅಲ್ಲಿಯೇ ಇಳಿಯುತ್ತದೆ. ದುಂಡು ದೋಣಿಯಲ್ಲಿ ನಾಯಿಯ ಸ್ಥಳ ನಟ್ಟನಡುವೆ, ಮನೆಯವರ ಕಾಲುಗಳ ಬಳಿ. ಅಂಚಿನ ಮೇಲೆ ಮುಂಗಾಲಿಟ್ಟು ನಿಲ್ಲಲು ಬಿಡಬಾರದು.

ಮೂರನೆಯದು ಬಹು ಮುಖ್ಯವಾದದ್ದು. ನಾಯಿಯ ಹಗ್ಗವನ್ನು ದೋಣಿಗೆ ಎಂದಿಗೂ ಕಟ್ಟಬಾರದು. ದೋಣಿ ಮಗುಚಿದರೆ ಕಟ್ಟಿದ ಪ್ರಾಣಿಗೆ ಬಿಡುಗಡೆಯಿಲ್ಲ. ಕೊರಳ ಪಟ್ಟಿಗಿಂತ ಎದೆಗೆ ತೊಡಿಸುವ, ಬೆನ್ನ ಮೇಲೆ ಹಿಡಿಕೆಯಿರುವ ಪಟ್ಟಿ ಲೇಸು. ನೀರಿಗೆ ಬಿದ್ದರೆ ಹಿಡಿದೆತ್ತಲು ಅನುಕೂಲ. ನಾಯಿಗಳಿಗೆಂದೇ ತಯಾರಾದ ತೇಲುವ ಅಂಗಿಗಳೂ ಪಟ್ಟಣಗಳಲ್ಲಿ ದೊರೆಯುತ್ತವೆ. ಮನುಷ್ಯರಿಗೆ ತೇಲುಅಂಗಿ ಕಡ್ಡಾಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲ ನಾಯಿಗಳೂ ಹುಟ್ಟು ಈಜುಗಾರರೆಂಬ ನಂಬಿಕೆ ಜನರಲ್ಲಿದೆ. ಅದು ಪೂರ್ಣ ಸತ್ಯವಲ್ಲ. ಲ್ಯಾಬ್ರಡಾರ್ ಸಲೀಸಾಗಿ ಈಜಬಲ್ಲದು. ಚಪ್ಪಟೆ ಮುಖದ ಪಗ್ ಬೇಗನೆ ಮುಳುಗುತ್ತದೆ. ನಮ್ಮ ನಾಡಿನ ಹೆಮ್ಮೆಯ ಮುಧೋಳ ನಾಯಿ ಹುಟ್ಟಿ ಬೆಳೆದ ಊರು ಘಟಪ್ರಭೆಯ ಸೀಮೆಯದಾದರೂ ಅದರ ಮೈಕಟ್ಟು ಬಯಲಿನ ಓಟಕ್ಕೆ ಹೇಳಿ ಮಾಡಿಸಿದ್ದು. 2005ರಲ್ಲಿ ಅಂಚೆ ಇಲಾಖೆಯ ಚೀಟಿಯ ಮೇಲೆ ಮೂಡಿದ ಆ ತೆಳುಮೈಯಲ್ಲಿ ಕೊಬ್ಬು ಕಡಿಮೆ. ತಣ್ಣೀರಿನಲ್ಲಿ ಬೇಗ ದಣಿಯುತ್ತದೆ, ಬೇಗ ನಡುಗುತ್ತದೆ.

ಹೊಳೆಯಲ್ಲಿ ಮೊಸಳೆಯ ಭಯವನ್ನೂ ಮರೆಯಬಾರದು. ಕೃಷ್ಣಾ, ತುಂಗಭದ್ರಾ ನದಿಗಳಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ. ದಡದಲ್ಲಿ ನೀರು ಕುಡಿಯಲು ಬಗ್ಗಿದ ನಾಯಿ ಅವುಗಳಿಗೆ ಸುಲಭದ ತುತ್ತು. ನಿಂತ ನೀರಿನ ಹಸಿರು ಪಾಚಿಯಲ್ಲಿಯೂ ಕೆಲವು ಬಗೆ ವಿಷಕಾರಿ. ಮನೆಯಿಂದಲೇ ಕುಡಿಯುವ ನೀರು ಒಯ್ಯುವುದು ಕ್ಷೇಮ. ನಾಯಿಗೆ ಮೈಯೆಲ್ಲ ಬೆವರುವ ಭಾಗ್ಯವಿಲ್ಲ, ಏದುಸಿರಿನಿಂದಲೇ ಅದು ಮೈಯನ್ನು ತಂಪಾಗಿಸಿಕೊಳ್ಳಬೇಕು. ಆದುದರಿಂದ ನೆರಳಿಲ್ಲದ ಹರಿಗೋಲಿನಲ್ಲಿ ಮಧ್ಯಾಹ್ನದ ಪ್ರಯಾಣ ಬೇಡ. ರೇಬೀಸ್ ಲಸಿಕೆಯೊಡನೆ, ನೀರಿನಿಂದ ಹರಡುವ ಇಲಿಜ್ವರದ ಲಸಿಕೆಯನ್ನೂ ಪಶುವೈದ್ಯರಲ್ಲಿ ವಿಚಾರಿಸಿ ಹಾಕಿಸಬೇಕು.

ದಡ ಸಮೀಪಿಸುವ ಗಳಿಗೆಯೇ ಹೆಚ್ಚು ಅಪಾಯದ್ದು. ನೆಲ ಕಂಡೊಡನೆ ನಾಯಿ ಜಿಗಿಯುತ್ತದೆ, ದೋಣಿ ವಾಲುತ್ತದೆ. ಅಂಬಿಗ ಇಳಿಯಿರಿ ಎಂದ ಮೇಲೆಯೇ ಅದನ್ನು ಬಿಡಬೇಕು. ಒಂದು ವೇಳೆ ಅದು ನೀರಿಗೆ ಬಿದ್ದರೆ, ಈಜು ಬಲ್ಲವರೂ ಹಿಂದೆಯೇ ಧುಮುಕಬಾರದು. ಹರಿಗೋಲನ್ನು ಅದರ ಬಳಿಗೆ ತಿರುಗಿಸಿ, ಹೆಸರು ಹಿಡಿದು ಕರೆದು, ಹಿಡಿಕೆಯಿಂದ ಎತ್ತುವುದೇ ಸರಿಯಾದ ಕ್ರಮ.

ಯಾತ್ರಾಸ್ಥಳಗಳ ಮರ್ಯಾದೆಯೂ ಒಂದುಂಟು. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದಲ್ಲಿ ಅಣ್ಣನವರ ಐಕ್ಯಮಂಟಪ, ಆಚೆ ದಡದ ತಂಗಡಗಿಯಲ್ಲಿ ತಾಯಿ ನೀಲಮ್ಮನವರ ಐಕ್ಯಸ್ಥಳ, ಇವು ಸಾವಿರಾರು ಭಕ್ತರು ಬರುವ ಸ್ಥಳಗಳು. ಅಲ್ಲಿ ಮನೆಯವರೊಬ್ಬರು ನಾಯಿಯೊಡನೆ ಹೊರಗೆ ನೆರಳಿನಲ್ಲಿ ಉಳಿದು, ಸರದಿಯಂತೆ ದರ್ಶನ ಪಡೆಯುವುದು ಯೋಗ್ಯ.

ಪ್ರವಾಹದ ಪರೀಕ್ಷೆ

ಇಷ್ಟೆಲ್ಲ ಹೇಳಿದ ಬಳಿಕ ಮಳೆಯಿಲ್ಲದ ಸೀಮೆಯ ನಮಗೇಕೆ ಈ ಮಾತು ಎಂದು ಕೇಳುವವರಿದ್ದಾರೆ. 2021ರ ನವೆಂಬರಿನಲ್ಲಿ, ಮತ್ತೆ 2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ ಹರಿದದ್ದನ್ನು ನಮ್ಮ ಸೀಮೆಯವರು ಮರೆತಿಲ್ಲ. ಮರಳಿನ ಹೊಳೆಯೆಂದು ಅಸಡ್ಡೆ ಮಾಡಿದವರ ಹೊಲಗಳಲ್ಲಿ ನೀರು ನಿಂತಿತು. ಬರದ ನಾಡಿಗೆ ಪ್ರವಾಹವೆಂಬುದು ಅಪರೂಪದ ಅತಿಥಿ. ಅದಕ್ಕೆಂದೇ ಅದನ್ನು ಎದುರುಗೊಳ್ಳುವ ಅಭ್ಯಾಸ ನಮಗಿಲ್ಲ.

ಉತ್ತರ ಕರ್ನಾಟಕದವರಿಗೆ ಆ ಅನುಭವ ಕಹಿಯಾಗಿಯೇ ಬಂದಿದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯರು ಮತ್ತೆ ಊರುಗಳನ್ನು ನುಂಗಿದರು. ಇಂಥ ಹೊತ್ತಿನಲ್ಲಿ ರಕ್ಷಣಾ ದೋಣಿಯವರು ಮನುಷ್ಯರನ್ನು ಮೊದಲು ಕರೆಯುವುದು ನ್ಯಾಯವೇ. ಆದರೆ ಮನೆಯ ಪ್ರಾಣಿಯನ್ನು ಬಿಟ್ಟು ಬರಲೊಲ್ಲದ ಮನುಷ್ಯನೂ ಮುಳುಗುತ್ತಾನೆಂಬುದು ಲೋಕ ಕಲಿತ ಪಾಠ. 2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಸಾಕುಪ್ರಾಣಿಗಳಿಗೆ ಸ್ಥಳವಿಲ್ಲವೆಂದು ತಿಳಿದು ಅನೇಕರು ಮನೆ ಬಿಡಲಿಲ್ಲ. ಮರುವರ್ಷವೇ, 2006ರಲ್ಲಿ, ತುರ್ತು ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಆ ದೇಶ ಕಾನೂನು ಮಾಡಿತು. 2018ರ ಕೇರಳದ ಮಹಾಪ್ರವಾಹದಲ್ಲಿ ತೃಶ್ಶೂರಿನ ಗೃಹಿಣಿಯೊಬ್ಬರು ತಾವು ಸಾಕಿದ್ದ ನಾಯಿಗಳನ್ನು ಬಿಟ್ಟು ದೋಣಿ ಏರಲು ಒಪ್ಪಲಿಲ್ಲ. ಕೊನೆಗೆ ಪ್ರಾಣಿರಕ್ಷಕರು ಬಂದು ಅವುಗಳೊಡನೆಯೇ ಅವರನ್ನು ಪಾರುಮಾಡಿದರು.

ಪಾಂಡವರ ಮಹಾಪ್ರಸ್ಥಾನದ ಕಥೆಯನ್ನು ಅರಿಯದವರಾರು? ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಅದನ್ನು ಬಿಟ್ಟು ರಥವೇರೆಂದು ಇಂದ್ರನು ಕರೆದಾಗ, ನಂಬಿ ಬಂದ ಜೀವವನ್ನು ತೊರೆದು ತನಗೆ ಸ್ವರ್ಗ ಬೇಡವೆಂದು ಅವನು ನಿಂತುಬಿಟ್ಟ. ವಾಹನ ರಥವೇ ಆಗಲಿ, ದೋಣಿಯೇ ಆಗಲಿ, ಪ್ರಶ್ನೆ ಒಂದೇ.

ಹಾಗೆಂದು ಭಾವಾವೇಶದಿಂದ ಮಾತ್ರ ಜೀವ ಉಳಿಯದು. ಮುಂಜಾಗ್ರತೆ ಬೇಕು. ನೀರು ಏರುವ ಸೂಚನೆ ಸಿಕ್ಕೊಡನೆ ಕೊಟ್ಟಿಗೆಯ ಹಗ್ಗಗಳನ್ನೂ ನಾಯಿಯ ಸರಪಳಿಯನ್ನೂ ಬಿಚ್ಚಬೇಕು. ಪ್ರವಾಹದಲ್ಲಿ ಕಟ್ಟಿಹಾಕಿದ ಪ್ರಾಣಿಗೆ ಓಡುವ ದಾರಿಯೂ ಇಲ್ಲ, ಈಜುವ ದಾರಿಯೂ ಇಲ್ಲ. ದೋಣಿ ಬರುವವರೆಗೆ ಕಾಯದೆ, ರಸ್ತೆ ತೆರೆದಿರುವಾಗಲೇ ಮಕ್ಕಳು, ವೃದ್ಧರು, ಪ್ರಾಣಿಗಳನ್ನು ಎತ್ತರದ ಸ್ಥಳಕ್ಕೆ ಸಾಗಿಸಬೇಕು. ಹೆದರಿದ ನಾಯಿ ಒಡೆಯನನ್ನೂ ಕಚ್ಚಬಹುದು. ದೋಣಿಗೆ ಹತ್ತಿಸುವಾಗ ಮೆತ್ತನೆಯ ಬಟ್ಟೆಯಿಂದ ಬಾಯನ್ನು ಸಡಿಲವಾಗಿ ಕಟ್ಟಿ, ದಡ ಸೇರಿದೊಡನೆ ಬಿಚ್ಚಬೇಕು. ರಕ್ಷಣೆಗೆ 112, ಪಶುಚಿಕಿತ್ಸೆಗೆ 1962, ಈ ಎರಡು ದೂರವಾಣಿ ಸಂಖ್ಯೆಗಳನ್ನು ಪಡಸಾಲೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು. ಮಳೆಗಾಲಕ್ಕೆ ಮುನ್ನ ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಯಾವ ಮನೆಯಲ್ಲಿ ಎಷ್ಟು ಜಾನುವಾರು, ಅವುಗಳಿಗೆ ಎತ್ತರದ ಜಾಗ ಯಾವುದು ಎಂಬುದನ್ನು ತೀರ್ಮಾನಿಸಿದರೆ, ಆಪತ್ತಿನ ರಾತ್ರಿ ವಾದಕ್ಕೆ ಎಡೆಯಿರದು.

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ದೋಣಿ ನಡೆಸುವವರೊಬ್ಬರಿದ್ದರು. ತುಂಗಭದ್ರೆಯ ತೀರದ ಚೌಡದಾನಪುರವು ಅವರ ಹೆಸರನ್ನು ನೆನೆಯುತ್ತದೆ. ತಮ್ಮ ವಚನಗಳಿಗೆ ಬೇರೆ ದೇವರ ಹೆಸರನ್ನು ಅಂಕಿತವಾಗಿ ಇಡದೆ, ಅಂಬಿಗರ ಚೌಡಯ್ಯ ಎಂದು ತಮ್ಮ ಕಾಯಕದ ಹೆಸರನ್ನೇ ಇಟ್ಟುಕೊಂಡ ನಿಷ್ಠುರ ಶರಣರು ಅವರು. ದಾಟಿಸುವುದೇ ಅವರ ಕಾಯಕವಾಗಿತ್ತು. ಈಜಲಾರದವನನ್ನು, ದಾರಿಯರಿಯದವನನ್ನು, ಭಾರ ಹೊತ್ತವನನ್ನು ಆಚೆ ದಡಕ್ಕೆ ಮುಟ್ಟಿಸುವುದಕ್ಕೇ ದೋಣಿ ಹುಟ್ಟಿದೆ. ನಮ್ಮ ಅಂಗಳವನ್ನು ಕಾಯ್ದು, ನಾವು ಹಾಕಿದ ಒಂದು ತುತ್ತಿನ ಋಣವನ್ನು ಬಾಳೆಲ್ಲ ತೀರಿಸುವ ಪ್ರಾಣಿ ದಡದಲ್ಲಿ ನಿಂತು ನಮ್ಮ ಮುಖ ನೋಡುತ್ತಿದ್ದರೆ, ಹರಿಗೋಲಿನ ನಡುವೆ ಒಂದು ಗೋಣಿತಾಟಿನಷ್ಟು ಜಾಗ ಸಿಕ್ಕೀತು. ಆ ಜಾಗವನ್ನು ಮೊದಲೇ ಗೊತ್ತುಮಾಡಿಡುವುದು ಮನೆಯ ಹಿರಿಯರ ಹೊಣೆ.