ಒಲ್ಲೆನೆಂಬ ಕೂಸಿಗೆ ಯಾವ ತುತ್ತು?

ಒಂದೂವರೆ ವರ್ಷದ ಕೂಸಿರುವ ಮನೆಯಲ್ಲಿ ಊಟದ ಹೊತ್ತೆಂಬುದು ಒಂದು ಸಣ್ಣ ಸಮರವೇ ಸರಿ. ತಾಯಿ ತುತ್ತು ಹಿಡಿದು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಕಟ್ಟೆಗೆ ಅಲೆಯುತ್ತಾಳೆ. ಕೂಸು ಬಾಯಿ ಬಿಗಿದು ಮುಖ ತಿರುಗಿಸುತ್ತದೆ. ನಮ್ಮ ವಳಕಮದಿನ್ನಿಯ ಕಡೆ, ಎಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ, ಈ ದೂರನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: “ಕೂಸು ಉಣ್ಣವಲ್ದು.”

ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದ ನನ್ನ ಕಿವಿ ಮೊದಲು ಆ ಮಾತಿನ ಕಡೆಗೇ ಹೋಗುತ್ತದೆ. ‘ಉಣ್ಣವಲ್ದು’ ಎಂದರೆ ‘ಉಣ್ಣಲು ಒಲ್ಲದು’. ಕೂಸಿಗೆ ಮಾತು ಬಂದ ಮೇಲೆ ಅದೇ ಕ್ರಿಯಾಪದ ಅದರ ಬಾಯಲ್ಲಿ ‘ಒಲ್ಲೆ’ ಎಂದಾಗುತ್ತದೆ. ಹಳಗನ್ನಡದ ನಿಷೇಧರೂಪ ಇಂದಿಗೂ ಹಸಿಯಾಗಿ ಉಳಿದಿರುವ ಕೆಲವೇ ಪದಗಳಲ್ಲಿ ಇದೊಂದು. ಇದರ ಸ್ವಾರಸ್ಯವೆಂದರೆ, ‘ನಾನು’ ಎಂಬ ಪದವನ್ನು ಬೇರೆಯಾಗಿ ಹೇಳಬೇಕಾದ ಅಗತ್ಯವೇ ಇಲ್ಲ. ಕೊನೆಯ ಎಕಾರದಲ್ಲಿ ಉತ್ತಮ ಪುರುಷ ಅಡಗಿ ಕುಳಿತಿದ್ದಾನೆ. ಕೂಸು ‘ಒಲ್ಲೆ’ ಎಂದಾಗ ಅನ್ನವನ್ನು ನಿರಾಕರಿಸುವುದರ ಜೊತೆಗೆ ‘ನಾನೊಬ್ಬನಿದ್ದೇನೆ’ ಎಂದೂ ಹೇಳುತ್ತಿರುತ್ತದೆ. ಈ ಅರ್ಥವನ್ನು ಗ್ರಹಿಸಿದರೆ ನಮ್ಮ ಸಿಟ್ಟು ಅರ್ಧಕ್ಕಿಳಿದೀತು.

ಇನ್ನರ್ಧವನ್ನು ದೇಹಧರ್ಮದ ತಿಳುವಳಿಕೆ ಇಳಿಸಬೇಕು. ಹುಟ್ಟಿದಾಗ ಮೂರು ಕಿಲೋ ತೂಗುವ ಶಿಶು ವರ್ಷ ತುಂಬುವ ಹೊತ್ತಿಗೆ ಸರಿಸುಮಾರು ಮೂರು ಪಟ್ಟು ಬೆಳೆಯುತ್ತದೆ. ಎರಡನೆಯ ವರ್ಷವಿಡೀ ಅದು ಕೂಡಿಸಿಕೊಳ್ಳುವ ತೂಕ ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುವುದು ಸಹಜ. ಇದೇ ಕಾಲದಲ್ಲಿ ಮಗುವಿಗೆ ನಡೆಯಲು ಬಂದಿರುತ್ತದೆ. ಕಂಡದ್ದನ್ನೆಲ್ಲ ಬಾಯಿಗಿಡುವ ಕೈಗಳೂ ಇರುತ್ತವೆ. ಪರಿಚಯವಿಲ್ಲದ ರುಚಿಯನ್ನು ಶಂಕಿಸುವ ಸ್ವಭಾವವೂ ಇದೇ ವಯಸ್ಸಿನಲ್ಲಿ ಮೊಳೆಯುತ್ತದೆ. ವಿಷದ ಕಾಯಿ, ವಿಷದ ಎಲೆಗಳಿಂದ ಮನುಷ್ಯನ ಮರಿಯನ್ನು ಕಾಪಾಡಲು ಪ್ರಕೃತಿ ಇಟ್ಟ ಕಾವಲು ಇದು ಎಂದು ವಿಜ್ಞಾನಿಗಳು ಊಹಿಸುತ್ತಾರೆ.

ಹಾಗೆಂದು ನಿಶ್ಚಿಂತರಾಗಿ ಕೂರುವಂತಿಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತು. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆದುದರಿಂದ ‘ಎಷ್ಟು ಉಂಡಿತು’ ಎಂದು ತುತ್ತು ಎಣಿಸುವುದಕ್ಕಿಂತ ‘ಏನನ್ನು ಉಂಡಿತು’ ಎಂದು ಕೇಳುವುದು ಮೇಲು. ಚಿಕ್ಕ ಹೊಟ್ಟೆಗೆ ಸೇರುವ ನಾಲ್ಕು ತುತ್ತೂ ಸತ್ವವುಳ್ಳವಾಗಿರಬೇಕು.

ಆ ಸತ್ವವನ್ನು ದೂರದಿಂದ ತರಬೇಕಾದುದಿಲ್ಲ. ದಿನ್ನಿ ಎಂದರೆ ಎತ್ತರದ ನೆಲ, ದಿಬ್ಬ. ನಮ್ಮ ಸೀಮೆಯ ಎರೆನೆಲ ಬಿಳಿಜೋಳದ ತವರು. ಜೋಳದ ಜೊತೆಗೆ ಸಜ್ಜೆ, ತೊಗರಿ, ಕಡಲೆ, ಹೆಸರು, ಶೇಂಗಾ, ಎಳ್ಳು, ಅಗಸಿ, ಗುರೆಳ್ಳು ಎಲ್ಲವನ್ನೂ ಇಲ್ಲಿನವರು ಉಂಡು ಬಲ್ಲರು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಹೊಲಗಳು ಗದ್ದೆಗಳಾದವು. ತಟ್ಟೆಯಲ್ಲಿ ರೊಟ್ಟಿಯ ಪಕ್ಕಕ್ಕೆ ಅನ್ನ ಬಂದಿತು. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ನೆಲ್ಲು ಮತ್ತು ರಾಗಿ ತಮ್ಮೊಳಗೆ ಯಾರು ಹೆಚ್ಚೆಂದು ಕಲಹವಾಡುತ್ತವೆ, ಆರು ತಿಂಗಳ ಸೆರೆವಾಸದ ಬಳಿಕವೂ ಕೆಡದೆ ಉಳಿಯುವುದು ರಾಗಿ. ನಮ್ಮ ಸೀಮೆಯಲ್ಲಿ ರಾಗಿಯ ಸ್ಥಾನದಲ್ಲಿ ಜೋಳ, ಸಜ್ಜೆಗಳು ನಿಂತಿವೆ ಎಂಬಷ್ಟೇ ವ್ಯತ್ಯಾಸ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು ಆರು ಮಿಲಿಗ್ರಾಂ ಕಬ್ಬಿಣದ ಅಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಅನ್ನವನ್ನು ದೂರಬೇಕಾಗಿಲ್ಲ, ಅನ್ನವೊಂದೇ ಸಾಲದು ಎಂದು ತಿಳಿದರೆ ಸಾಕು.

ಧಾನ್ಯ ಮತ್ತು ಬೇಳೆಯ ಜೊತೆಗಾರಿಕೆ ಇಲ್ಲಿ ಮುಖ್ಯ. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಘಟಕ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಜೋಳದ ನುಚ್ಚಿಗೆ ಹೆಸರುಬೇಳೆ ಕೂಡಿಸಿ ಮೆತ್ತಗೆ ಬೇಯಿಸಿ, ಮೇಲೊಂದು ಚಮಚ ತುಪ್ಪ ಹಾಕಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಿಸಿ ರೊಟ್ಟಿಯನ್ನು ಮುರಿದು ತೊಗರಿಬೇಳೆಯ ಕಟ್ಟಿನಲ್ಲೋ ಹಾಲಿನಲ್ಲೋ ನೆನೆಸಿ ಕಿವುಚಿದರೂ ಆದೀತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಹಿಂದೆ ಅಪೌಷ್ಟಿಕತೆಗೆಂದು ರೂಪಿಸಿದ ಬಹೂಪಯೋಗಿ ಆಹಾರದಲ್ಲಿ ಇದ್ದ ಮುಖ್ಯ ವಸ್ತುಗಳು ಎರಡೇ: ಎಣ್ಣೆ ತೆಗೆದ ಶೇಂಗಾದ ಹಿಟ್ಟು ಮೂರು ಪಾಲು, ಕಡಲೆಯ ಹಿಟ್ಟು ಒಂದು ಪಾಲು. ನಮ್ಮ ಅಜ್ಜಿಯರ ಡಬ್ಬಿಗಳಲ್ಲಿ ಇವೆರಡೂ ಇದ್ದವು. ಆದರೆ ಶೇಂಗಾವನ್ನು ಇಡಿಯಾಗಿ ಕೊಡಬಾರದು. ಕಾಳು ಶ್ವಾಸನಾಳಕ್ಕೆ ಸಿಕ್ಕಿಕೊಂಡು ಜೀವಕ್ಕೇ ಅಪಾಯವಾದೀತು. ಹುರಿದು ನುಣ್ಣಗೆ ಕುಟ್ಟಿ, ಬೆಲ್ಲದೊಡನೆಯೋ ಖಾರವಿಲ್ಲದ ಹಿಂಡಿಯಾಗಿಯೋ ಅನ್ನಕ್ಕೆ, ರೊಟ್ಟಿಗೆ ಬೆರೆಸಬೇಕು.

ಗಂಜಿ ತೆಳ್ಳಗಾದರೆ ಸತ್ವ ಕಡಿಮೆ, ಗಟ್ಟಿಯಾದರೆ ಕೂಸು ನುಂಗಲೊಲ್ಲದು. ಇದಕ್ಕೆ ಉಪಾಯ ಮೊಳಕೆ. ಸಜ್ಜೆ ಅಥವಾ ರಾಗಿಯನ್ನು ನೆನೆಯಿಟ್ಟು, ಮೊಳಕೆ ಬರಿಸಿ, ಒಣಗಿಸಿ, ನಸುವಾಗಿ ಹುರಿದು ಬೀಸಿದ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತದೆ. ಆದುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಉಳಿಯುತ್ತದೆ. ಜೋಳಕ್ಕೆ ಮಾತ್ರ ಈ ಪ್ರಯೋಗ ಸಲ್ಲದು. ಎಳೆಯ ಜೋಳದ ಪೈರನ್ನು ಮೇಯ್ದ ದನ ವಿಷವೇರಿ ಬೀಳುವುದನ್ನು ನಮ್ಮ ರೈತರು ಬಲ್ಲರು. ಮೊಳೆತ ಜೋಳದ ಕುಡಿಯಲ್ಲಿಯೂ ಆ ವಿಷದ ಮೂಲವಿರುತ್ತದೆ.

ಇನ್ನುಳಿದಂತೆ ಮೊಟ್ಟೆ ತಿನ್ನುವ ಮನೆಯವರಿಗೆ ದಿನಕ್ಕೊಂದು ಬೆಂದ ಮೊಟ್ಟೆಗಿಂತ ಸುಲಭವಾದ ಪೌಷ್ಟಿಕ ವಸ್ತು ಇಲ್ಲ. ತಿನ್ನದವರಿಗೆ ಮೊಸರು, ಬೇಳೆ, ಕಾಳುಗಳಿವೆ. ರಾಜಗಿರಿ, ಮೆಂತ್ಯ, ನುಗ್ಗೆಸೊಪ್ಪನ್ನು ಸಣ್ಣಗೆ ಹೆಚ್ಚಿ ಬೇಳೆಯಲ್ಲಿ ಬೇಯಿಸಿ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಕಬ್ಬಿಣ ಮೈಗೆ ಹತ್ತುತ್ತದೆ. ಪೇರಲ, ಪಪ್ಪಾಯಿ, ಬಾಳೆಹಣ್ಣು ಸಂತೆಯಲ್ಲಿ ಸಿಗುತ್ತವೆ. ಇವುಗಳಿಗೆ ಶತ್ರುಗಳು ಮೂರು. ಒಂದು ಚಹಾ, ಅದರಲ್ಲಿ ಬಿಸ್ಕತ್ತು ಅದ್ದಿ ಕೂಸಿನ ಬಾಯಿಗಿಡುವ ರೂಢಿ ಹಳ್ಳಿ ಪಟ್ಟಣಗಳೆರಡರಲ್ಲೂ ಇದೆ. ಚಹಾ ಆಹಾರದ ಕಬ್ಬಿಣವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಎರಡನೆಯದು ಅಂಗಡಿಯ ಮುಂದೆ ಸರಸರ ತೂಗುವ ಕುರುಕಲಿನ ಚೀಟುಗಳು. ಉಪ್ಪು, ಎಣ್ಣೆಗಳಿಂದ ಹಸಿವನ್ನು ಕೊಲ್ಲುತ್ತವೆ, ಹೊಟ್ಟೆಯನ್ನು ತುಂಬುವುದಿಲ್ಲ. ಮೂರನೆಯದನ್ನು ಕೇಳಿ ಆಶ್ಚರ್ಯವಾದೀತು, ಅದು ಅತಿಯಾದ ಹಾಲು. ದಿನವಿಡೀ ಬಾಟಲಿ ಹಿಡಿದ ಕೂಸಿಗೆ ಊಟದ ಹಸಿವೇ ಹುಟ್ಟುವುದಿಲ್ಲ, ಹಾಲಿನಲ್ಲಿ ಕಬ್ಬಿಣವೂ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಹಾಲಿನ ಮಾತು ಬೇರೆ. ಆರು ತಿಂಗಳವರೆಗೆ ಅದೊಂದೇ, ಆಮೇಲೆ ಊಟದ ಜೊತೆಗೆ ಎರಡು ವರ್ಷದವರೆಗೂ ಅದಕ್ಕಿಂತ ಮುಂದೆಯೂ ನಡೆಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಯ್ಕೆ ಸರಿಯಾಯಿತು, ಉಣಿಸುವ ಬಗೆ? ಅಮೆರಿಕೆಯ ಕ್ಲಾರಾ ಡೇವಿಸ್ ಎಂಬ ವೈದ್ಯೆ 1926ರಲ್ಲಿ ಆರಂಭಿಸಿದ ಒಂದು ಪ್ರಯೋಗ ಇಲ್ಲಿ ನೆನೆಯತಕ್ಕದ್ದು. ಎದೆಹಾಲು ಬಿಟ್ಟ 15 ಶಿಶುಗಳ ಮುಂದೆ ಆಕೆ ಬಗೆಬಗೆಯ ಆಹಾರಗಳನ್ನಿರಿಸಿ, ಬೇಕಾದುದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಒಂದು ದಿನ ಒಂದನ್ನೇ ತಿಂದು ಇನ್ನೊಂದು ದಿನ ಅದನ್ನು ಮುಟ್ಟದೆ, ವಿಚಿತ್ರವಾಗಿ ಉಂಡರೂ ಮಕ್ಕಳು ಚೆನ್ನಾಗಿ ಬೆಳೆದರು. ಆದರೆ 1939ರಲ್ಲಿ ಆಕೆಯೇ ಗುಟ್ಟು ಬಿಚ್ಚಿದರು: ಮುಂದಿಟ್ಟ ಪದಾರ್ಥಗಳೆಲ್ಲ ಸತ್ವಯುತವಾದ ಸಹಜ ಆಹಾರಗಳೇ ಆಗಿದ್ದವು; ಕೆಟ್ಟದ್ದನ್ನು ಆರಿಸುವ ಅವಕಾಶವೇ ಇರಲಿಲ್ಲ. ಇದರಿಂದ ಒಂದು ನ್ಯಾಯವಾದ ಹಂಚಿಕೆ ಹೊರಡುತ್ತದೆ. ಏನನ್ನು, ಯಾವ ಹೊತ್ತಿಗೆ, ಎಲ್ಲಿ ಕೂತು ಉಣ್ಣಬೇಕೆಂಬುದು ಹಿರಿಯರ ಅಧಿಕಾರ. ಎಷ್ಟು ಉಣ್ಣಬೇಕೆಂಬುದು ಕೂಸಿನ ಅಧಿಕಾರ.

ಎರಡನೆಯ ಸೂತ್ರ ತಾಳ್ಮೆ. ಲೀಅನ್ ಬರ್ಚ್ ಎಂಬ ವಿದುಷಿ 1980ರ ದಶಕದಲ್ಲಿ ಎರಡು ವರ್ಷದ ಮಕ್ಕಳನ್ನು ಪರೀಕ್ಷಿಸಿ, ಹೊಸ ರುಚಿಯೊಂದು ಎಷ್ಟು ಸಲ ನಾಲಗೆಗೆ ತಾಗುತ್ತದೆಯೋ ಅಷ್ಟೂ ಒಪ್ಪಿತವಾಗುತ್ತದೆ ಎಂದು ತೋರಿಸಿದರು. ಹತ್ತು, ಹದಿನೈದು ಸಲವಾದರೂ ಬೇಕಾದೀತು. ನಾವು ಮೂರನೆಯ ಸಲಕ್ಕೇ ‘ಇದಕ್ಕೆ ಪಲ್ಯ ಆಗಿಬರುವುದಿಲ್ಲ’ ಎಂದು ತೀರ್ಪು ಕೊಟ್ಟಿರುತ್ತೇವೆ. ನಮ್ಮ ಮನೆಯಲ್ಲಿ ಮೊಮ್ಮಗಳು ರಾಜಗಿರಿ ಪಲ್ಯವನ್ನು ಕಂಡರೆ ಉಗುಳುತ್ತಿದ್ದಳು. ಸೊಸೆ ಒತ್ತಾಯಿಸಲೂ ಇಲ್ಲ, ಮಾಡುವುದನ್ನು ಬಿಡಲೂ ಇಲ್ಲ; ತಟ್ಟೆಯ ಅಂಚಿನಲ್ಲಿ ಚಿಟಿಕೆಯಷ್ಟು ಇಡುತ್ತಿದ್ದಳು. ಎಷ್ಟನೆಯ ಸಲವೋ ಯಾರೂ ಎಣಿಸಲಿಲ್ಲ, ಒಂದು ಮಧ್ಯಾಹ್ನ ಕೂಸು ನನ್ನ ತಟ್ಟೆಗೇ ಕೈಹಾಕಿ, “ಯಜ್ಜಾ, ನಂಗ” ಎಂದು ಆ ಪಲ್ಯವನ್ನೇ ಬೇಡಿತು.

ಬಲವಂತದಿಂದ, ಬೆದರಿಕೆಯಿಂದ, ಕೈಗೆ ಮೊಬೈಲು ಕೊಟ್ಟು ಮೈಮರೆಸುವುದರಿಂದ ಒಂದು ಹೊತ್ತಿನ ಅನ್ನ ಒಳಗೆ ಹೋದೀತು. ಹಸಿವು ಯಾವುದು, ತೃಪ್ತಿ ಯಾವುದು ಎಂಬ ಅರಿವು ಮಾತ್ರ ಕೂಸಿಗೆ ಬಾರದು. ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ಹಣ್ಣೋ ಅಳ್ಳಿಟ್ಟಿನ ಉಂಡೆಯೋ. ಅರ್ಧ ಗಂಟೆಯೊಳಗೆ ತಟ್ಟೆ ಎತ್ತುವುದು. ಎಲ್ಲರ ಪಂಕ್ತಿಯಲ್ಲೇ ಕೂಸಿಗೂ ಒಂದು ತಟ್ಟೆ ಇಡುವುದು. ಇಷ್ಟು ಸಾಕು.

ಕೊನೆಯದಾಗಿ ಹಿರಿಯರಲ್ಲಿ ಒಂದು ಅರಿಕೆ. ಕೂಸು ಬಡಕಲಾದರೆ ನಾವು ಮೊದಲು ಬೆರಳು ತೋರಿಸುವುದು ಸೊಸೆಯ ಕಡೆಗೆ. ನಾಟಿಯ ಕಾಲದಲ್ಲಿ ಬೆಳಕು ಹರಿಯುವ ಮೊದಲೇ ಗದ್ದೆಗೆ ಹೊರಡುವ ತಾಯಿ ಹೊತ್ತು ಹೊತ್ತಿಗೆ ಬಂದು ಉಣಿಸಲು ಶಕ್ತಳೇ? ಆ ಹೊತ್ತಿನಲ್ಲಿ ಅಜ್ಜ ಅಜ್ಜಿಯರು, ಮನೆಯಲ್ಲಿದ್ದಾಗ ತಂದೆ, ತಟ್ಟೆಯ ಮುಂದೆ ಕೂರಬೇಕು. ತಾಯಿಯನ್ನು ಬೈಯುವ ಬದಲು ಕೂಸನ್ನು ಅಂಗನವಾಡಿಗೆ ಒಯ್ದು ತೂಗಿಸಿ, ಬೆಳವಣಿಗೆಯ ಪಟ್ಟಿಯಲ್ಲಿ ಗೆರೆ ಏರುತ್ತಿದೆಯೇ ಎಂದು ನೋಡಬೇಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಉದ್ದೇಶಗಳಲ್ಲಿ ಇದೂ ಒಂದು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಸಲ ಕಬ್ಬಿಣದ ಔಷಧವೂ ಸರಕಾರದ ವತಿಯಿಂದ ದೊರೆಯುತ್ತದೆ. ಗೆರೆ ಏರುತ್ತಿದ್ದು ಕೂಸು ಆಡಿಕೊಂಡಿದ್ದರೆ ಅದರ ‘ಒಲ್ಲೆ’ಗೆ ಅಂಜಬೇಕಾಗಿಲ್ಲ. ಗೆರೆ ನಿಂತರೆ ಅಥವಾ ಇಳಿದರೆ, ಕಣ್ಣರೆಪ್ಪೆಯ ಒಳಗು ಬಿಳಿಚಿದ್ದರೆ, ಕೂಸು ಮಣ್ಣು ತಿನ್ನುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ಪದೇಪದೇ ಭೇದಿಯಾಗುತ್ತಿದ್ದರೆ, ದೃಷ್ಟಿ ತೆಗೆಯುತ್ತ ದಿನ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಆ ನಡೆಯಲ್ಲಿ ಸೊಸೆಯೊಬ್ಬಳನ್ನೇ ಕಳಿಸದೆ ಹಿರಿಯರೂ ಜೊತೆಗೆ ಹೊರಡಲಿ.