ಬ್ಯಾಟರಿ ಹೊಸದು, ಜೀಪು ಮಾತ್ರ ಏಳದು

ಹಳೆಯ ಡೀಸೆಲ್ ಜೀಪಿಗೆ ಓಡುವುದಕ್ಕೆ ಕರೆಂಟೇ ಬೇಕಿಲ್ಲ. ಮಹೀಂದ್ರಾದ ಎಂಎಂ 540, ಮೇಜರ್, ಕಮಾಂಡರ್ ಎಲ್ಲ ಇದೇ ಜಾತಿಯವು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಎಣ್ಣೆಯನ್ನು ಅಳೆದು ಚಿಮ್ಮಿಸುವ ಪಂಪು ಪೂರ್ತಿ ಯಾಂತ್ರಿಕ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಹೆಸರು ಮಾಡಿದ್ದೇ ಇಂಥ ಪಂಪುಗಳಿಂದ. ಇಳಿಜಾರಿನಲ್ಲಿ ಗಾಡಿ ಬಿಟ್ಟು, ಎರಡನೇ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದರೆ ಬ್ಯಾಟರಿ ಸತ್ತ ಜೀಪೂ ಕೆಮ್ಮಿಕೊಂಡು ಏಳುತ್ತದೆ.

ಅದರ ಕಾಯಿಲೆಗೂ ಇದೇ ಮೂಲ. ತಳ್ಳಿದರೆ ಓಡುವ ಗಾಡಿಯ ವೈರಿಂಗನ್ನು ಯಾರೂ ನೋಡುವುದಿಲ್ಲ. ಪೆಟ್ರೋಲ್ ಕುಡಿಯುವ ಮಾರುತಿ ಜಿಪ್ಸಿಗೆ ಈ ಸೌಲಭ್ಯ ಇಲ್ಲ. ಕಿಡಿ ಸಾಯುತ್ತಿದ್ದಂತೆ ನಡುರಸ್ತೆಯಲ್ಲೇ ನಿಂತು ತನ್ನ ತೊಂದರೆ ಹೇಳಿಬಿಡುತ್ತದೆ. ಡೀಸೆಲ್ ಜೀಪು ಹತ್ತು ಹದಿನೈದು ವರ್ಷ ಬಾಯಿ ಮುಚ್ಚಿಕೊಂಡಿರುತ್ತದೆ. ಬೆಂಗಳೂರಿನ ಕೆ.ಆರ್. ಪುರದಿಂದ ಹೊಸಕೋಟೆ, ಮಾಲೂರು, ಕೋಲಾರದ ಕಡೆಗೆ ಹೋಗುವ ದಾರಿಯಲ್ಲಿ ಕೆಎ 53 ಸಂಖ್ಯೆಯ, ಬಣ್ಣ ಮಾಸಿದ ಜೀಪುಗಳು ಇನ್ನೂ ಕಾಣುತ್ತವೆ. ಕೆಲವಕ್ಕೆ ಹೊಲ, ತೋಟದ ಕೆಲಸ. ಕೆಲವನ್ನು ಬೆಟ್ಟ ಹತ್ತಿಸುವ ಹುಚ್ಚಿನ ಸಾಫ್ಟ್‌ವೇರ್ ಹುಡುಗರು ಕೊಂಡಿರುತ್ತಾರೆ. ಸೈನ್ಯ ಹರಾಜು ಹಾಕಿದ ಜಿಪ್ಸಿಗಳೂ ಇವೆ. ಅವುಗಳ ಬಾನೆಟ್ ಎತ್ತಿದರೆ ಎಲ್ಲಿಂದಲೂ ಬಾರದ, ಎಲ್ಲಿಗೂ ಹೋಗದ ಕತ್ತರಿಸಿದ ವೈರುಗಳ ಜಡೆಯೇ ಸಿಗುತ್ತದೆ.

ದೂರು ಮಾತ್ರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ: “ಸೆಲ್ಫ್ ಹೊಡೆದ್ರೆ ಟಕ್ ಅನ್ನುತ್ತೆ ಸಾರ್, ತಿರುಗಲ್ಲ.” ಮೊದಲು ಬ್ಯಾಟರಿ ಬದಲಾಗುತ್ತದೆ. ಎರಡು ವಾರ ಸುಖ, ಆಮೇಲೆ ಮತ್ತೆ ಟಕ್. ಸೆಲ್ಫ್, ಅಂದರೆ ಎಂಜಿನ್ ಎಬ್ಬಿಸುವ ಮೋಟರು, ಬಿಚ್ಚಿ ಕಾರ್ಬನ್ ಹಾಕಿಸುತ್ತಾರೆ. ಆಮೇಲೆ ಆಲ್ಟರ್ನೇಟರ್. ಸಾವಿರಗಳ ಲೆಕ್ಕದಲ್ಲಿ ಖರ್ಚಾದ ಮೇಲೆ ಯಾರೋ ಒಬ್ಬ ಅನುಭವಸ್ಥ ಗಾಡಿಯ ಕೆಳಗೆ ತೂರಿ, ಎಂಜಿನ್ನಿಗೂ ಚಾಸಿಗೂ ನಡುವೆ ಇರುವ ಒಂದು ಹೆಣೆದ ತಾಮ್ರದ ಪಟ್ಟಿಯನ್ನು ಕೈಯಲ್ಲಿ ಅಲುಗಿಸುತ್ತಾನೆ. ಅದು ಪುಡಿಪುಡಿಯಾಗಿ ಉದುರುತ್ತದೆ.

ಮನೆಯಲ್ಲಿ ಬಲ್ಬಿಗೆ ಎರಡು ತಂತಿ ಹೋಗುತ್ತದೆ, ಜೀಪಿನಲ್ಲಿ ಒಂದೇ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕರೆಂಟು ಬಲ್ಬನ್ನೋ ಹಾರ್ನನ್ನೋ ದಾಟಿ, ಬಾಡಿಯ ಕಬ್ಬಿಣದ ಮೂಲಕವೇ ನೆಗೆಟಿವ್‌ಗೆ ಹಿಂತಿರುಗಬೇಕು. ತಾಮ್ರ ಉಳಿಸುವ ಈ ಉಪಾಯ ಹೊಸ ಗಾಡಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಮೂವತ್ತು ವರ್ಷ ಕಳೆದು, ಬಾಡಿಗೆ ಮೂರು ಸಲ ಬಣ್ಣ ಬಳಿದು, ತುಕ್ಕು ಹಿಡಿದ ಕಡೆ ಹೊಸ ತಗಡು ಬೆಸೆದು, ಮಡ್‌ಗಾರ್ಡನ್ನು ಫೈಬರಿನದಕ್ಕೆ ಬದಲಾಯಿಸಿದ ಮೇಲೆ ಹಿಂತಿರುಗುವ ದಾರಿ ಅಲ್ಲಲ್ಲಿ ಕಡಿದುಹೋಗಿರುತ್ತದೆ. ಅದರ ಮೇಲೆ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಹಾಗಾಗಿ ಎಂಜಿನ್ನಿಗೂ ಚಾಸಿಗೂ ಇರುವ ವಿದ್ಯುತ್ ನಂಟು ಆ ಒಂದು ಪಟ್ಟಿಯೇ. ಮೆಕ್ಯಾನಿಕ್‌ಗಳು ಅದನ್ನು ‘ಅರ್ತ್’ ಅನ್ನುತ್ತಾರೆ. ಅದು ಕಡಿದರೆ ಸೆಲ್ಫಿನ ಕರೆಂಟು ಬೇರೆ ಸಂದು ಹುಡುಕುತ್ತದೆ: ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲಿನ ಹೊದಿಕೆ ಬಿಸಿಯಾಗಿ ಹೊಗೆ ಬಂದರೆ ಮೊದಲು ಅರ್ತ್ ಪಟ್ಟಿಯನ್ನು ನೋಡಬೇಕು.

ಲೆಕ್ಕ ಸಣ್ಣದು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ತಿರುಗಿಸಲು ಸೆಲ್ಫ್ 200 ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯುತ್ತದೆ. ಕೊಳೆತ ಅರ್ತಿನ ರೋಧ ಒಂದು ಓಮಿನ ನೂರನೇ ಒಂದು ಭಾಗ ಅಂದುಕೊಳ್ಳಿ. 200ನ್ನು 0.01ರಿಂದ ಗುಣಿಸಿದರೆ 2 ವೋಲ್ಟ್. ಸೆಲ್ಫ್ ಎಳೆಯುವಾಗ ಒಳ್ಳೆಯ ಬ್ಯಾಟರಿಯೂ ಹತ್ತೂವರೆ ವೋಲ್ಟಿಗೆ ಇಳಿದಿರುತ್ತದೆ. ಅದರಲ್ಲಿ ಎರಡು ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋದರೆ ಸೆಲ್ಫಿಗೆ ಸಿಗುವುದು ಎಂಟೂವರೆ. ಟಕ್ ಅನ್ನುವುದಕ್ಕೆ ಅಷ್ಟು ಸಾಕು, ತಿರುಗುವುದಕ್ಕೆ ಸಾಲದು. ಹೊಸ ಬ್ಯಾಟರಿ ಹಾಕಿದಾಗ ವೋಲ್ಟೇಜು ತುಸು ಏರಿ ನಾಲ್ಕು ದಿನ ಗಾಡಿ ಎದ್ದಂತೆ ತೋರುತ್ತದೆ. ಮೋಸ ಹೋಗುವುದು ಅಲ್ಲಿಯೇ.

ನಿಂತ ಗಾಡಿಯಲ್ಲಿ ಮೀಟರ್ ಹಿಡಿದರೆ ಇದು ಯಾವುದೂ ಕಾಣುವುದಿಲ್ಲ. ಕರೆಂಟು ಹರಿಯದಿದ್ದರೆ ವೋಲ್ಟೇಜು ಬೀಳುವುದಿಲ್ಲ; ಎಲ್ಲ ಕಡೆಯೂ 12.6 ತೋರಿಸುತ್ತದೆ. ಮಲ್ಟಿಮೀಟರಿನ ಓಮ್ ಅಳತೆಯೂ ಇಲ್ಲಿ ನಿರುಪಯೋಗಿ, ಏಕೆಂದರೆ ಅದರ ವೈರುಗಳ ರೋಧವೇ ನಾವು ಹುಡುಕುವ ರೋಧಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಪರೀಕ್ಷೆ ಮಾಡಬೇಕಾದದ್ದು ಹೀಗೆ: ಮೀಟರನ್ನು ವೋಲ್ಟ್ ಅಳತೆಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕ್ಲಾಂಪಿಗಲ್ಲ, ಕಂಬಕ್ಕೇ ಒತ್ತಿ. ಇನ್ನೊಂದನ್ನು ಎಂಜಿನ್ನಿನ ಸ್ವಚ್ಛ ಲೋಹಕ್ಕೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಓದು 0.3 ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಹಾಗೆಯೇ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ ನೋಡಿ; ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಿದ್ದರೆ ಕೇಬಲ್ಲೋ ಲಗ್ಗೋ ಸೊಲೆನಾಯ್ಡಿನ ಒಳಗಿನ ತಾಮ್ರವೋ ಸವೆದಿದೆ. ಐದು ನಿಮಿಷದ ಈ ಕೆಲಸ ಮಾಡದೆ ಬ್ಯಾಟರಿ ಮಾರುವವನನ್ನು ನಾನು ನಂಬುವುದಿಲ್ಲ.

ಹೆಡ್‌ಲೈಟಿನ ಕತೆಯೂ ಇದೇ. ಹಳೆ ಜೀಪಿನಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಮ್-ಡಿಪ್ ಸ್ವಿಚ್ಚಿಗೆ ಇಳಿದು, ಮತ್ತೆ ಮುಂದೆ ಹೋಗಿ ಬಲ್ಬು ತಲುಪುತ್ತದೆ. 60 ವಾಟಿನ ಎರಡು ಬಲ್ಬಿಗೆ 10 ಆಂಪಿಯರ್ ಬೇಕು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಐದು ಮೀಟರ್ ಸಾಗಿದರೆ ಸುಮಾರು 0.85 ವೋಲ್ಟ್ ನುಂಗುತ್ತದೆ. ಸುಟ್ಟ ಸ್ವಿಚ್ಚು, ಸಡಿಲ ಕಪ್ಲರ್, ತುಕ್ಕಿನ ಅರ್ತ್ ಸೇರಿದರೆ ಒಂದೂವರೆ ವೋಲ್ಟ್ ಆಯಿತು. 13.5ರ ಜಾಗದಲ್ಲಿ ಬಲ್ಬಿಗೆ 12 ಸಿಕ್ಕರೆ ಬೆಳಕೂ ಹತ್ತನೇ ಒಂದು ಪಾಲು ಕಡಿಮೆಯಾಗುತ್ತದೆ ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಷ್ಟು ಏರಿಳಿಯುತ್ತದೆ. ಹನ್ನೆರಡು ವೋಲ್ಟಿನಲ್ಲಿ ಉಳಿಯುವುದು ಮೂರರಲ್ಲಿ ಎರಡು ಪಾಲು ಬೆಳಕು, ಅದೂ ಹಳದಿ. ಇದನ್ನು ಕಂಡ ಮಾಲೀಕ 100 ವಾಟಿನ ಬಲ್ಬು ತಂದು ಹಾಕುತ್ತಾನೆ. ಕರೆಂಟು ಇನ್ನೂ ಹೆಚ್ಚುತ್ತದೆ, ದಾರಿಯ ನಷ್ಟವೂ ಹೆಚ್ಚುತ್ತದೆ, ಸ್ವಿಚ್ಚು ಕರಗುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಂತೂ 6 ವೋಲ್ಟಿನದು. ಅಷ್ಟೇ ವಾಟಿಗೆ ಅಲ್ಲಿ ಎರಡರಷ್ಟು ಕರೆಂಟು, ಅದೇ ತಂತಿಯಲ್ಲಿ ನಾಲ್ಕರಷ್ಟು ನಷ್ಟ. ಅಂಥ ಗಾಡಿ ಇಟ್ಟುಕೊಂಡವರು ಮಬ್ಬು ಬೆಳಕನ್ನು ಯಾಕೆ ಪರಂಪರೆ ಎಂದು ಸಹಿಸುತ್ತಾರೋ!

ಪರಿಹಾರ ರಿಲೇ. ಕೆ.ಆರ್. ಪುರದವರಿಗೆ ಇದು ಹೊಸ ವಸ್ತುವಲ್ಲ. ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ದೇಶಕ್ಕೆ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ಮಾಡಿಕೊಟ್ಟದ್ದು ರಿಲೇಗಳ ಸಾಲುಗಳ ಮೇಲೆಯೇ. ಸಣ್ಣ ಕರೆಂಟು ಒಂದು ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ. ಆ ಅಯಸ್ಕಾಂತ ಬೇರೊಂದು ಸರ್ಕ್ಯೂಟಿನ ಸಂಪರ್ಕವನ್ನು ಮುಚ್ಚುತ್ತದೆ. ಜೀಪಿನಲ್ಲೂ ಅಷ್ಟೇ: ಹಳೆಯ ಸ್ವಿಚ್ಚಿಗೆ ಈಗ 10 ಆಂಪಿಯರ್ ಬದಲು ಸುಮಾರು 0.15 ಆಂಪಿಯರಿನ ಹೊರೆ. ಬಲ್ಬಿನ ಕರೆಂಟು ಬ್ಯಾಟರಿಯಿಂದ ಫ್ಯೂಸು ದಾಟಿ ನಾಲ್ಕು ಚದರ ಮಿಲಿಮೀಟರಿನ ದಪ್ಪ ತಂತಿಯಲ್ಲಿ ನೇರ ಹೋಗುತ್ತದೆ. ಎರಡು ಮೀಟರಿಗೆ ಬೀಳುವುದು 0.1 ವೋಲ್ಟಿಗೂ ಕಡಿಮೆ. ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಿ ಕೊಂಡರೂ ರಿಲೇಯ ಕಾಲುಗಳ ಮೇಲೆ ಅದೇ ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿ, 87ಕ್ಕೆ ಬಲ್ಬು, 85 ಮತ್ತು 86 ಸುರುಳಿಯವು. ಬಲ್ಬಿನ ಅರ್ತನ್ನೂ ದಪ್ಪ ತಂತಿಯಲ್ಲಿ ಬ್ಯಾಟರಿಗೇ ತನ್ನಿ, ಇಲ್ಲದಿದ್ದರೆ ಅರ್ಧ ಕೆಲಸ ಮಾಡಿದಂತೆ.

ಇನ್ನು ಚಾರ್ಜಿಂಗ್. ತುಂಬಾ ಹಳೆಯ ಜೀಪುಗಳಲ್ಲಿ ಇರುವುದು ಡೈನಮೋ, ಜೊತೆಗೊಂದು ಕಟೌಟ್ ಡಬ್ಬಿ. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗು ಸೇತುವೆಯವರೆಗಿನ ವಾಹನಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಡೈನಮೋದ ದೌರ್ಬಲ್ಯ ಗೊತ್ತಾಗುತ್ತದೆ. ಐಡಲ್‌ನಲ್ಲಿ ಅದು ಚಾರ್ಜ್ ಮಾಡುವುದೇ ಇಲ್ಲ. ವೇಗವಾಗಿ ತಿರುಗಿಸೋಣ ಎಂದರೆ ಅದರಲ್ಲಿ ಕರೆಂಟು ಹುಟ್ಟುವುದು ತಿರುಗುವ ಭಾಗದಲ್ಲಿ. ಹುಟ್ಟಿದ್ದೆಲ್ಲ ಕಮ್ಯುಟೇಟರ್ ಎಂಬ ಸೀಳುಸೀಳಾದ ತಾಮ್ರದ ಉಂಗುರದ ಮೂಲಕ, ಕಾರ್ಬನ್ ಉಜ್ಜಿಕೊಂಡು ಹೊರಬರಬೇಕು. ಅತಿ ವೇಗದಲ್ಲಿ ಅದು ಕಿಡಿ ಕಾರುತ್ತದೆ, ಸುರುಳಿ ಚದುರುತ್ತದೆ. ಆಲ್ಟರ್ನೇಟರಿನಲ್ಲಿ ಇದು ತಿರುವುಮುರುವು. ತಿರುಗುವುದು ಅಯಸ್ಕಾಂತ, ಕರೆಂಟು ಹುಟ್ಟುವುದು ಅಲುಗದ ಹೊರಗವಚದಲ್ಲಿ, ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಸವೆಯುವ ಭಾಗ ಕಡಿಮೆಯಾದ್ದರಿಂದ ಸಣ್ಣ ಪುಲಿ ಹಾಕಿ ಎಂಜಿನ್ನಿಗಿಂತ ಎರಡೂವರೆ ಪಟ್ಟು ವೇಗದಲ್ಲಿ ಓಡಿಸಬಹುದು, ಗಾಡಿ ನಿಂತಾಗಲೂ ಬ್ಯಾಟರಿ ತುಂಬುತ್ತದೆ.

ಕೆ.ಆರ್. ಪುರದ ಡೀಸೆಲ್ ಲೋಕೋ ಷೆಡ್ಡಿನ ಎಂಜಿನ್ನುಗಳೂ ಇದೇ ದಾರಿ ಹಿಡಿದವು. ಡೀಸೆಲ್ ರೈಲ್ವೆ ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಜನರೇಟರ್ ತಿರುಗಿಸುತ್ತದೆ, ಅದರ ಕರೆಂಟು ಗಾಲಿಯ ಮೋಟರಿಗೆ ಹೋಗುತ್ತದೆ. 1962ರಲ್ಲಿ ಅಮೆರಿಕದಿಂದ ಬಂದ 2600 ಅಶ್ವಶಕ್ತಿಯ ಡಬ್ಲ್ಯುಡಿಎಂ 2ರಲ್ಲಿ ಇದ್ದದ್ದು ದೈತ್ಯ ಡೈನಮೋ. ಅದಕ್ಕೆ ಬೇರೆ ಸೆಲ್ಫ್ ಇರಲಿಲ್ಲ. ಬ್ಯಾಟರಿ ಆ ಜನರೇಟರನ್ನೇ ಮೋಟರಿನಂತೆ ತಿರುಗಿಸಿ ಎಂಜಿನ್ ಎಬ್ಬಿಸುತ್ತಿತ್ತು. ಹೆಚ್ಚು ಶಕ್ತಿ ಬೇಕಾದಾಗ ಅಲ್ಲಿಯೂ ಅಡ್ಡ ಬಂದದ್ದು ಕಮ್ಯುಟೇಟರ್. 3100 ಅಶ್ವಶಕ್ತಿಯ ಡಬ್ಲ್ಯುಡಿಎಂ 3ಎ ಬರುವ ಹೊತ್ತಿಗೆ ಆಲ್ಟರ್ನೇಟರ್, ಡಯೋಡು ನೆಲೆಯೂರಿದ್ದವು.

ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸುವುದು ನನ್ನ ದೃಷ್ಟಿಯಲ್ಲಿ ಹಳೆ ಜೀಪಿಗೆ ಮಾಡಬಹುದಾದ ಒಳ್ಳೆಯ ಸುಧಾರಣೆಗಳಲ್ಲೊಂದು. ಆದರೆ ಅದರಲ್ಲಿ ಒಂದು ಬೆಂಕಿಯ ಬಲೆ ಇದೆ. ಹಳೆಯ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರ್ ಮೂಲಕ ಚಾರ್ಜಿಂಗ್ ಕರೆಂಟೆಲ್ಲ ಹಾದುಹೋಗುತ್ತದೆ. ಅದನ್ನು ಮಾಡಿದ್ದು 20 ಆಂಪಿಯರಿನ ಡೈನಮೋಗೆ. 60 ಆಂಪಿಯರಿನ ಆಲ್ಟರ್ನೇಟರ್ ಹಾಕಿದರೆ ಕರೆಂಟು ಮೂರು ಪಟ್ಟು, ತಂತಿಯ ಬಿಸಿ ಒಂಬತ್ತು ಪಟ್ಟು, ಏಕೆಂದರೆ ಬಿಸಿ ಏರುವುದು ಕರೆಂಟಿನ ವರ್ಗದಂತೆ. ಡ್ಯಾಶ್‌ಬೋರ್ಡಿನ ಹಿಂದೆ, ಕಣ್ಣಿಗೆ ಕಾಣದ ಕಡೆ ಪ್ಲಾಸ್ಟಿಕ್ಕು ಕರಗುತ್ತದೆ. ಆ ಮೀಟರನ್ನು ಸರ್ಕ್ಯೂಟಿನಿಂದ ಹೊರಗಿಟ್ಟು ವೋಲ್ಟ್ ಮೀಟರ್ ಹಾಕಿ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ಕೇಬಲ್ಲನ್ನು ಫ್ಯೂಸಿನೊಂದಿಗೆ ನೇರ ಎಳೆಯಿರಿ. ಎಂಜಿನ್ ಓಡುವಾಗ ಬ್ಯಾಟರಿ ಕಂಬದಲ್ಲಿ 13.8ರಿಂದ 14.4 ಇರಬೇಕು. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಬಲ್ಬನ್ನು ಕೀಳಬೇಡಿ. ಬಹಳಷ್ಟು ಆಲ್ಟರ್ನೇಟರುಗಳಿಗೆ ಶುರುವಿನ ಅಯಸ್ಕಾಂತ ಸಿಗುವುದು ಆ ಬಲ್ಬು ದಾಟಿ ಬರುವ ಕರೆಂಟಿನಿಂದಲೇ. ಅದು ಫ್ಯೂಸ್ ಹೋದರೆ ಹೊಸ ಆಲ್ಟರ್ನೇಟರೂ ಸುಮ್ಮನೆ ತಿರುಗುತ್ತಿರಬಹುದು.

ಎಲ್‌ಇಡಿ ಬಗ್ಗೆ ಕೇಳುವವರು ಬಹಳ. ಹಿಂದಿನ ಲೈಟು, ಒಳಗಿನ ಲೈಟಿಗೆ ಧಾರಾಳವಾಗಿ ಹಾಕಿ. ಇಂಡಿಕೇಟರಿಗೆ ಹಾಕಿದರೆ ಹಳೆಯ ಫ್ಲಾಷರ್ ಮಿನುಗುವುದಿಲ್ಲ. ಅದರೊಳಗಿನ ಲೋಹದ ಪಟ್ಟಿ ಬಿಸಿಯಾಗಲು 21 ವಾಟಿನ ಬಲ್ಬುಗಳ ಕರೆಂಟೇ ಬೇಕು, ಹಾಗಾಗಿ ಎಲೆಕ್ಟ್ರಾನಿಕ್ ಫ್ಲಾಷರೂ ಕೊಳ್ಳಬೇಕು. ಹೆಡ್‌ಲೈಟಿಗೆ ಮಾತ್ರ ಬೇಡ. ಹಳೆ ಹೆಡ್‌ಲೈಟಿನ ಗಾಜು, ಕನ್ನಡಿ ಎರಡೂ ಬಲ್ಬಿನ ಸಣ್ಣ ತಂತಿ ಕೂರುವ ಒಂದು ಬಿಂದುವಿಗೆ ಲೆಕ್ಕ ಹಾಕಿ ಮಾಡಿದವು. ಎಲ್‌ಇಡಿಯ ಬೆಳಕು ಹುಟ್ಟುವ ಜಾಗವೂ ಆಕಾರವೂ ಬೇರೆ. ರಸ್ತೆಗೆ ಬೀಳಬೇಕಾದದ್ದು ಎದುರಿನವನ ಕಣ್ಣಿಗೆ ಬೀಳುತ್ತದೆ. ಕಣ್ಣು ಕುಕ್ಕುವ ಲೈಟುಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈಯಿಂದ ಕೇಸು ಹಾಕಲು ಶುರು ಮಾಡಿದ್ದು ಸರಿಯಾಗಿಯೇ ಇದೆ. ಇನ್ನು ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ವಿಂಚ್: ಪೂರ್ತಿ ಭಾರ ಎಳೆಯುವಾಗ 300-400 ಆಂಪಿಯರ್ ಕೇಳುತ್ತದೆ, ಯಾವ ಆಲ್ಟರ್ನೇಟರೂ ಅಷ್ಟು ಕೊಡದು. ಎಂಜಿನ್ ಓಡಿಸುತ್ತಲೇ, ಸ್ವಲ್ಪ ಸ್ವಲ್ಪ ಎಳೆದು, ನಡುನಡುವೆ ಬಿಡುವು ಕೊಡಬೇಕು.

ವಾರಗಟ್ಟಲೆ ನಿಲ್ಲುವ ಗಾಡಿಯಾದರೆ, ಎಲ್ಲ ಆರಿಸಿದ ಮೇಲೂ ಎಷ್ಟು ಕರೆಂಟು ಸೋರುತ್ತಿದೆ ನೋಡಿ. 50 ಮಿಲಿ ಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್ ಗಂಟೆ; 60 ಆಂಪಿಯರ್ ಗಂಟೆಯ ಬ್ಯಾಟರಿ ಐವತ್ತು ದಿನಕ್ಕೆ ಖಾಲಿ. ಸ್ಟೀರಿಯೋ, ಅಲಾರಂ, ಜಿಪಿಎಸ್ ಮೂರೂ ಇದ್ದರೆ ಅದಕ್ಕೂ ಬೇಗ.

ಸ್ಪ್ಯಾನರ್ ಹಿಡಿಯುವವರಿಗೆ ಒಂದು ಮಾತು. ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಕೇಬಲ್ ಮೊದಲು, ಹಾಕುವಾಗ ಅದು ಕೊನೆಗೆ. ನೆಗೆಟಿವ್ ಕೂತಿರುವಾಗ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೂರಾರು ಆಂಪಿಯರ್ ಅದರಲ್ಲೇ ಹರಿಯುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಟ್ಟು ಕೆಲಸಕ್ಕೆ ಕೂರಿ.