ಬಾರ್ಡೀನರ ಬಿಡದ ಪ್ರಶ್ನೆ

ಪರಸ್ಥಳದಲ್ಲಿ ನಮ್ಮ ಹಿರಿಯರು ಊರಿನ ಹಾಡಿಗಾಗಿ ಕಿವಿಗೊಡುತ್ತಿದ್ದ ಟ್ರಾನ್ಸಿಸ್ಟರ್ ರೇಡಿಯೋ ಅನೇಕರಿಗೆ ನೆನಪಿರಬಹುದು. ಆ ಟ್ರಾನ್ಸಿಸ್ಟರನ್ನು 1947ರಲ್ಲಿ ವಾಲ್ಟರ್ ಬ್ರಾಟೇನರೊಡಗೂಡಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದವರು ಜಾನ್ ಬಾರ್ಡೀನ್. ಆದರೆ ಅವರನ್ನು ಅದಕ್ಕೂ ಮೊದಲಿನಿಂದ ಕಾಡುತ್ತಿದ್ದ ಪ್ರಶ್ನೆ ಬೇರೆಯೇ ಇದ್ದಿತು.

ತಂತಿಯಲ್ಲಿ ವಿದ್ಯುತ್ತು ಹರಿದರೆ ತಂತಿ ಬಿಸಿಯಾಗುವುದು ಎಲ್ಲರೂ ಬಲ್ಲ ಸಂಗತಿ. ಲೋಹವು ಒಡ್ಡುವ ತಡೆಯೇ ಅದಕ್ಕೆ ಕಾರಣ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಆನ್ನೆಸರು ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿದಾಗ ಆ ತಡೆ ಥಟ್ಟನೆ ಮಾಯವಾಯಿತು. ಇದೇ ಅತಿವಾಹಕತೆ. ಏಕೆ ಹೀಗೆ? ಘಟಾನುಘಟಿಗಳೂ ಉತ್ತರ ಕಾಣದೆ ಸೋತರು.

1908ರಲ್ಲಿ ಮ್ಯಾಡಿಸನ್ ಪಟ್ಟಣದಲ್ಲಿ ಹುಟ್ಟಿದ ಬಾರ್ಡೀನ್ ಮೊದಲು ಓದಿದ್ದು ಎಂಜಿನಿಯರಿಂಗ್. ಸೇರಿದ್ದು ತೈಲ ಕಂಪನಿಯ ನೌಕರಿ. 1933ರಲ್ಲಿ, ಲಕ್ಷಾಂತರ ಜನ ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲದಲ್ಲಿ, ಬರುತ್ತಿದ್ದ ಸಂಬಳ ಬಿಟ್ಟು ಪ್ರಿನ್ಸ್‌ಟನ್ನಿನಲ್ಲಿ ಮರಳಿ ವಿದ್ಯಾರ್ಥಿಯಾದರು. ಒಂದನೆಯ ತಾರೀಕನ್ನು ಎದುರು ನೋಡುವ ನಮ್ಮಂಥ ಗುಮಾಸ್ತರಿಗೆ ಇದು ಎಂಥ ಎದೆಗಾರಿಕೆಯೆಂದು ಬೇರೆ ಹೇಳಬೇಕಾಗಿಲ್ಲ. ಮುಂದೆ ಅಧ್ಯಾಪಕರಾಗಿ ಅತಿವಾಹಕತೆಗೆ ಕೈ ಹಾಕಿದರು. ಅಷ್ಟರಲ್ಲಿ ಯುದ್ಧ ಬಂದು ನೌಕಾದಳದ ಕೆಲಸಕ್ಕೆ ಎಳೆಯಿತು, ಆಮೇಲೆ ಟ್ರಾನ್ಸಿಸ್ಟರ್. 1951ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋಗಿ ಹಳೆಯ ಪ್ರಶ್ನೆಯನ್ನೇ ಮತ್ತೆ ಹಿಡಿದರು.

ಅಲ್ಲಿ ಇಬ್ಬರು ಯುವಕರು ಜೊತೆಯಾದರು: ಲಿಯಾನ್ ಕೂಪರ್ ಮತ್ತು ವಿದ್ಯಾರ್ಥಿ ರಾಬರ್ಟ್ ಶ್ರೀಫರ್. 1956ರ ಕೊನೆಯಲ್ಲಿ ಬಾರ್ಡೀನ್ ಟ್ರಾನ್ಸಿಸ್ಟರಿಗಾಗಿ ನೊಬೆಲ್ ಪಡೆಯಲು ಸ್ಟಾಕ್‌ಹೋಮಿಗೆ ಹೊರಟಾಗ, ಬೇಸತ್ತ ಶ್ರೀಫರ್ ವಿಷಯವನ್ನೇ ಬದಲಿಸುವ ಯೋಚನೆಯಲ್ಲಿದ್ದರು. ಇನ್ನೊಂದು ತಿಂಗಳು ನೋಡು, ಎಂದು ಗುರುಗಳು ಹೇಳಿ ಹೋದರು. ಕೆಲವೇ ವಾರಗಳಲ್ಲಿ, ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ, ಶ್ರೀಫರರಿಗೆ ಬೇಕಾದ ಸೂತ್ರ ಹೊಳೆಯಿತು.

ತೀರ ತಂಪಿನಲ್ಲಿ ಎಲೆಕ್ಟ್ರಾನುಗಳು ಜೋಡಿಗೂಡುತ್ತವೆ ಎಂಬುದನ್ನು ಕೂಪರ್ ಮೊದಲೇ ತೋರಿಸಿದ್ದರು. ಆ ಜೋಡಿಗಳೆಲ್ಲ ಒಂದೇ ಲಯದಲ್ಲಿ ಸಾಗುವುದನ್ನು ಈ ಸೂತ್ರ ಹೇಳಿತು. ಜಾತ್ರೆಯಲ್ಲಿ ಒಂಟಿಯಾಗಿ ನುಗ್ಗುವವನು ಹತ್ತು ಕಡೆ ಎಡವುತ್ತಾನೆ. ತೇರಿನ ಮಿಣಿ ಹಿಡಿದವರು ಒಟ್ಟಿಗೇ ಹೆಜ್ಜೆ ಹಾಕುತ್ತಾರೆ, ಒಬ್ಬನನ್ನು ಸಾಲಿನಿಂದ ಕೆಡಹುವುದು ಸುಲಭವಲ್ಲ. ಹಾಗೆಯೇ ಇದು.

ಕಛೇರಿಗಳಲ್ಲಿ ಕರಡು ಬರೆಯುವವನೊಬ್ಬ, ಸಹಿ ಹಾಕುವವನೊಬ್ಬ. ಬಾರ್ಡೀನ್ ಹಾಗೆ ಮಾಡಲಿಲ್ಲ. 1957ರ ಮಾರ್ಚಿಯಲ್ಲಿ ಫಿಲಡೆಲ್ಫಿಯಾ ಸಭೆಗೆ ಈ ಸಿದ್ಧಾಂತವನ್ನು ತಿಳಿಸುವ ಗೌರವವನ್ನು ಕಿರಿಯರಿಗೇ ಬಿಟ್ಟು ತಾವು ಹಿಂದೆ ಉಳಿದರು. ಸಿದ್ಧಾಂತಕ್ಕೆ ಇಂದಿಗೂ ಮೂವರ ಹೆಸರೂ ಉಂಟು.

1956ರಲ್ಲಿ ತಮ್ಮ ಮೂವರು ಮಕ್ಕಳಲ್ಲಿ ಒಬ್ಬರನ್ನಷ್ಟೇ ಕರೆತಂದುದಕ್ಕೆ ಸ್ವೀಡನ್ನಿನ ದೊರೆ ಬಾರ್ಡೀನರನ್ನು ವಿನೋದವಾಗಿ ಗದರಿಸಿದ್ದರಂತೆ. ಮುಂದಿನ ಸಲ ಎಲ್ಲರನ್ನೂ ಕರೆತರುವೆನೆಂದು ಇವರೂ ನಗುತ್ತ ಉತ್ತರಿಸಿದ್ದರು. 1972ರಲ್ಲಿ ಕೂಪರ್, ಶ್ರೀಫರರೊಡನೆ ಮತ್ತೆ ಭೌತಶಾಸ್ತ್ರದ ನೊಬೆಲ್ ಬಂದಾಗ ಮಕ್ಕಳು ಮೂವರೂ ಜೊತೆಗಿದ್ದರು.